ನಮ್ಮ ವೇದಿಕೆಗೆ ಹಿಮ್ಮೇಳ ಬೇಕು

ಕಳೆದ ರಾಜ್ಯೋತ್ಸವದ ಸಂಜೆ ನಮ್ಮ ಸಂಘದ ವೇದಿಕೆಯ ಮೇಲೆ ಒಂಬತ್ತು ವರ್ಷದ ಬಾಲಕಿಯೊಬ್ಬಳು ಭಾವಗೀತೆ ಹಾಡಲು ನಿಂತಳು. ಪಲ್ಲವಿ, ಮೊದಲ ಚರಣ ಸೊಗಸಾಗಿಯೇ ಸಾಗಿದವು. ಎರಡನೆಯ ಚರಣದ ಹೊಸ್ತಿಲಲ್ಲಿ ಪದವೊಂದು ಮರೆತುಹೋಯಿತು. ಮರೆತದ್ದು ಎರಡೋ ಮೂರೋ ಕ್ಷಣ, ಅಷ್ಟೇ. ಆದರೆ ಲ್ಯಾಪ್‌ಟಾಪಿನಿಂದ ಹೊರಡುತ್ತಿದ್ದ ಸಂಗೀತ ಅಷ್ಟರಲ್ಲಿ ಮುಂದೆ ಹೋಗಿಬಿಟ್ಟಿತ್ತು. ಪದ ನೆನಪಾದಾಗ ತಾಳ ಸಿಗಲಿಲ್ಲ. ತಾಳ ಸಿಕ್ಕಿತೆನ್ನುವಾಗ ಚರಣವೇ ಮುಗಿದಿತ್ತು. ಸಭಿಕರು ಒಳ್ಳೆಯ ಮನಸ್ಸಿನಿಂದ ಚಪ್ಪಾಳೆ ತಟ್ಟಿ ಹುರಿದುಂಬಿಸಿದರು. ಆ ಸದ್ದಿನಲ್ಲಿ ಟ್ರ್ಯಾಕ್ ಇನ್ನಷ್ಟು ಕೇಳಿಸದಾಯಿತು. ಮಗು ಕೆಳಗಿಳಿದು ಬಂದು ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿತು. ಮೂರನೆಯ ಸಾಲಿನಲ್ಲಿ ಕುಳಿತಿದ್ದ ನನಗೆ ಮುಂದಿನ ನಾಲ್ಕು ನೃತ್ಯಗಳು ಕಣ್ಣಿಗೆ ಬೀಳಲಿಲ್ಲ.

ಇದನ್ನು ಈಗ ನೆನಪಿಸಲು ಕಾರಣವಿದೆ. ಈ ವರ್ಷದ ಕಾರ್ಯಕ್ರಮಕ್ಕೆ ವಾದ್ಯವೃಂದವೇ ಬೇಡ, ಎಲ್ಲ ಹಾಡುಗಳೂ ಟ್ರ್ಯಾಕಿನ ಮೇಲೆ ನಡೆಯಲಿ, ಉಳಿದ ಹಣದಲ್ಲಿ ಊರಿನಿಂದ ಹೆಸರಾಂತ ಗಾಯಕರೊಬ್ಬರನ್ನು ಕರೆಸೋಣ ಎಂಬ ಪ್ರಸ್ತಾವ ಸಮಿತಿಯ ಮುಂದಿದೆ. ಬಹುಮಂದಿ ಒಪ್ಪಿದ್ದಾರೆಂದೂ ಕೇಳಿದ್ದೇನೆ. ನನ್ನ ಭಿನ್ನಮತವನ್ನು ಸದಸ್ಯ ಬಂಧುಗಳ ಮುಂದೆ ವಿನಯದಿಂದ ಇಡಬಯಸುತ್ತೇನೆ. ಎರಡು ವರ್ಷಗಳ ಹಿಂದೆ ನಾನೇ ಸಮಿತಿಯಲ್ಲಿದ್ದಾಗ, ಸುಲಭವೆಂಬ ಒಂದೇ ಕಾರಣಕ್ಕೆ ಟ್ರ್ಯಾಕಿನ ಪರವಾಗಿ ಕೈ ಎತ್ತಿದವನು. ಆದ್ದರಿಂದ ಯಾರನ್ನೂ ದೂರುವ ಅಧಿಕಾರ ನನಗಿಲ್ಲ.

ನಾನು ಸಂಗೀತಗಾರನಲ್ಲ. ಬರಿಯ ಅಭಿಮಾನಿ, ಅದೂ ಸ್ವಲ್ಪ ಹುಚ್ಚು ಅಭಿಮಾನಿ. ಬ್ರಿಟನ್ನಿನ ಐರನ್ ಮೇಡನ್ ತಂಡ 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ, ಮನೆಯಲ್ಲಿ ಸುಳ್ಳು ಹೇಳಿ ಮಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದ್ದೆ. ಕಪ್ಪು ಅಂಗಿ ತೊಟ್ಟ ಹುಡುಗರು ದೇಶದ ಮೂಲೆಮೂಲೆಗಳಿಂದ ಬಂದಿದ್ದರು. ಈಶಾನ್ಯ ರಾಜ್ಯಗಳಿಂದ ರೈಲಿನಲ್ಲಿ ದಿನಗಟ್ಟಲೆ ಕುಳಿತು ಬಂದವರನ್ನು ಸರದಿಯಲ್ಲಿ ಮಾತನಾಡಿಸಿದ ನೆನಪಿದೆ. ಮೊದಲು ದೆಹಲಿಯ ಪರಿಕ್ರಮ ತಂಡ ನುಡಿಸಿತು. ಗಿಟಾರುಗಳ ನಡುವೆ ಪಿಟೀಲೊಂದು ಎದ್ದು ಕೇಳಿಸಿದಾಗ ನನಗಾದ ಆಶ್ಚರ್ಯ ಇಂದಿಗೂ ಮಾಸಿಲ್ಲ. ಆಮೇಲೆ ಬಂದ ಮುಖ್ಯ ತಂಡದ ಸಾಹಿತ್ಯ ನನಗೆ ಅರ್ಧವೂ ಅರ್ಥವಾಗಲಿಲ್ಲ. ಡ್ರಮ್ಮಿನ ಪೆಟ್ಟು ಮಾತ್ರ ಕಿವಿಗಿಂತ ಮೊದಲು ಎದೆಗೆ ಬಡಿಯುತ್ತಿತ್ತು. ಆರು ಮಂದಿ ಮನುಷ್ಯರು ಬೆವರು ಸುರಿಸುತ್ತ, ಒಬ್ಬರ ಮುಖ ಒಬ್ಬರು ನೋಡುತ್ತ, ಕಣ್ಣಸನ್ನೆಯಲ್ಲೇ ಮಾತಾಡಿಕೊಳ್ಳುತ್ತ ಆ ಸದ್ದನ್ನು ಹುಟ್ಟಿಸುತ್ತಿದ್ದರು. ಅವರ ಕ್ಯಾಸೆಟ್ಟುಗಳನ್ನು ಸವೆಯುವಷ್ಟು ಕೇಳಿದ್ದೆ. ಕ್ಯಾಸೆಟ್ಟಿನಲ್ಲಿ ಈ ನೋಟಗಳು ಇರಲಿಲ್ಲ. ಹಿಂತಿರುಗುವ ಬಸ್ಸಿನಲ್ಲಿ ಗಂಟಲು ಕಟ್ಟಿ, ಕೆಂಪು ಧೂಳು ಮೆತ್ತಿದ ಮುಖದಲ್ಲಿ ಊರು ಸೇರಿದೆ. ತಂದೆಯವರಿಗೆ ಎಲ್ಲವೂ ತಿಳಿಯಿತು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ತಂದೆಯವರು ಸಿ. ಅಶ್ವತ್ಥರ ಭಕ್ತರು. "ಬ್ಯಾಂಡು ಅಂದರೆ ಗದ್ದಲ, ಅದಕ್ಕೂ ನಮ್ಮ ಸಂಸ್ಕೃತಿಗೂ ಏನು ಸಂಬಂಧ?" ಎಂದು ಅವರು ಅಂದು ಕೇಳಿದ ಪ್ರಶ್ನೆಯನ್ನೇ ನಮ್ಮ ಸಂಘದ ಹಿರಿಯರೊಬ್ಬರು ಮೊನ್ನೆ ಕೇಳಿದರು. ಉತ್ತರ ತಂದೆಯವರ ಕ್ಯಾಸೆಟ್ಟಿನ ಪೆಟ್ಟಿಗೆಯಲ್ಲೇ ಇತ್ತು. ಅದೇ ಅಶ್ವತ್ಥರು 2005ರ ಏಪ್ರಿಲಿನಲ್ಲಿ, ಅದೇ ಅರಮನೆ ಮೈದಾನದಲ್ಲಿ, 'ಕನ್ನಡವೇ ಸತ್ಯ' ಎಂಬ ಹೆಸರಿನಲ್ಲಿ ದೊಡ್ಡ ವಾದ್ಯಮೇಳದೊಡನೆ ಜನಸಾಗರದ ಮುಂದೆ ಭಾವಗೀತೆಗಳನ್ನು ಹಾಡಿದ್ದರು. ಅಶ್ವತ್ಥರು ಮನೆಮನೆಗೆ ತಲುಪಿಸಿದ ಶಿಶುನಾಳ ಶರೀಫರ ತತ್ವಪದಗಳನ್ನೇ ಮುಂದೆ ಮೈಸೂರಿನ ರಘು ದೀಕ್ಷಿತರು ಗಿಟಾರಿಗೆ ಹೊಂದಿಸಿಕೊಂಡರು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿಕೊಂಡು, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆ ಏರಿದರು. ಅವರ ಕಾರ್ಯಕ್ರಮವೊಂದಕ್ಕೆ ತಂದೆಯವರನ್ನು ಒತ್ತಾಯದಿಂದ ಕರೆದೊಯ್ದಿದ್ದೆ. ಅರ್ಧ ಗಂಟೆ ಕೈಕಟ್ಟಿ ಕುಳಿತಿದ್ದವರು ಗುಡುಗುಡಿಯ ಪದ ಬಂದಾಗ ತೊಡೆಯ ಮೇಲೆ ತಾಳ ಹಾಕತೊಡಗಿದರು. ಮನೆಗೆ ಬಂದ ಮೇಲೆ, "ಶರೀಫಜ್ಜನಿಗೆ ಬೇಸರ ಆಗಲಿಕ್ಕಿಲ್ಲ" ಎಂದಷ್ಟೇ ಹೇಳಿದರು. ನಮ್ಮ ಮನೆಯಲ್ಲಿ ಅದು ದೊಡ್ಡ ಪ್ರಶಸ್ತಿ.

ಇನ್ನು ಕರಾವಳಿಯ ನಮಗೆ ಹಿಮ್ಮೇಳವೆಂದರೇನೆಂದು ಹೊರಗಿನವರು ಹೇಳಿಕೊಡಬೇಕೆ? ಯಕ್ಷಗಾನದ ಭಾಗವತರು, ಮದ್ದಳೆಯವರು, ಚೆಂಡೆಯವರು ಸೇರಿದರೆ ಅದೊಂದು ಬ್ಯಾಂಡೇ. ಭಾಗವತರ ಕಣ್ಣು ವೇಷಧಾರಿಯ ಕಾಲಿನ ಮೇಲಿರುತ್ತದೆ. ಕಲಾವಿದನಿಗೆ ಆ ರಾತ್ರಿ ಹುರುಪಿದ್ದರೆ ಪದವನ್ನು ಎತ್ತಿ ಎತ್ತಿ ಹಾಡಿ ಕುಣಿತವನ್ನು ಬೆಳೆಸುತ್ತಾರೆ. ದಣಿದಿದ್ದರೆ ಸಭೆಗೆ ತಿಳಿಯದಂತೆ ಮುಗಿಸಿ ಅರ್ಥಗಾರಿಕೆಗೆ ಬಿಡುತ್ತಾರೆ. ಹರಕೆಯಾಟಕ್ಕೆ ಭಾಗವತರ ಬದಲು ಪೆನ್‌ಡ್ರೈವ್ ತಂದಿಟ್ಟರೆ ಊರಿನವರು ಸುಮ್ಮನಿರುವರೆ? ಊರಿಗೆ ಸಲ್ಲದ್ದು ಮಂಗಫ್‌ಗೆ ಮಾತ್ರ ಸಲ್ಲುವುದು ಹೇಗೆಂಬುದು ನನಗೆ ಅರ್ಥವಾಗದ ಸಂಗತಿ. ಪರದೇಶದಲ್ಲಿದ್ದೇವೆಂಬ ಕಾರಣಕ್ಕೆ ನಮ್ಮ ಮಕ್ಕಳಿಗೆ ಸಂಸ್ಕೃತಿಯ ಜೆರಾಕ್ಸ್ ಪ್ರತಿ ಸಾಕು ಎಂದು ನಾವೇ ನಿರ್ಧರಿಸಿದಂತಿದೆ.

ಮೈಸೂರಿನವರೂ ಈ ಮಾತಿಗೆ ತಲೆದೂಗಬೇಕು. ಜಯಚಾಮರಾಜ ಒಡೆಯರು ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು; ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ಜರ್ಮನಿಯ ರಿಚರ್ಡ್ ಸ್ಟ್ರಾಸ್ ಬರೆದ ಕಡೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಸಭೆಯ ಮುಂದೆ ಕೇಳಿಬಂದದ್ದು ಮೈಸೂರಿನ ಈ ಮಹಾರಾಜರ ಧನಸಹಾಯದಿಂದ. ಕೇಳುಗನೊಬ್ಬನಿಗೆ ವಾದ್ಯವೃಂದದ ಮೇಲೆ ಎಷ್ಟು ಪ್ರೀತಿ ಇರಬಹುದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ತಿಳಿದಿಲ್ಲ. ನಮ್ಮ ಬಜೆಟ್ಟು ಮಹಾರಾಜರದಲ್ಲ, ಒಪ್ಪಿದೆ.

ನಾವು ಬದುಕುತ್ತಿರುವ ಈ ನೆಲವೂ ಬೇರೆ ಮಾತು ಹೇಳುವುದಿಲ್ಲ. ತೈಲ ಬರುವ ಮೊದಲು ನಮ್ಮ ಪಕ್ಕದ ಫಹಾಹೀಲ್ ಮೀನುಗಾರರ, ಮುತ್ತು ಹೆಕ್ಕುವವರ ಊರಾಗಿತ್ತು. ಮಲಬಾರಿನ ಮರದಿಂದ ಕಟ್ಟಿದ ಹಡಗುಗಳಲ್ಲಿ ತಿಂಗಳುಗಟ್ಟಲೆ ಕಡಲ ಮೇಲಿರುತ್ತಿದ್ದ ನಾವಿಕರ ಜೊತೆ 'ನಹ್ಹಾಮ್' ಎಂಬ ಹಾಡುಗಾರನೊಬ್ಬ ಇರುತ್ತಿದ್ದ. ಹಗ್ಗ ಎಳೆಯುವಾಗ, ಹುಟ್ಟು ಹಾಕುವಾಗ ಅವನು ಹಾಡಬೇಕು, ಉಳಿದವರು ದನಿಗೂಡಿಸಬೇಕು. ಆ ಕಡಲ ಹಾಡುಗಳಿಗೆ ಇಂದಿಗೂ ಕೈಚಪ್ಪಾಳೆ ಮತ್ತು ಜಹ್ಲಾ ಎಂಬ ಮಣ್ಣಿನ ಮಡಕೆಯ ತಾಳವಿದೆ. ಅದನ್ನು ಮೊದಲ ಬಾರಿ ಕೇಳಿದಾಗ, ನಮ್ಮ ಘಟದ ದಾಯಾದಿ ಇಲ್ಲಿ ಸಿಕ್ಕಿತಲ್ಲ ಎಂದು ಮನಸ್ಸು ಹಿಗ್ಗಿತ್ತು. ಎಳೆಯುವವರ ಉಸಿರಿಗೆ ತಕ್ಕಂತೆ ಹಾಡು ನಡೆಯಬೇಕಾಗಿತ್ತೇ ಹೊರತು ಹಾಡಿಗೆ ತಕ್ಕಂತೆ ಅವರ ಉಸಿರಲ್ಲ.

ಈಗ ಮತ್ತೆ ಆ ಬಾಲಕಿಯ ವಿಷಯ. ರಾಜ್ಯೋತ್ಸವ ಕಳೆದು ಕೆಲವು ತಿಂಗಳ ಮೇಲೆ ಮಂಗಫ್‌ನ ಮಿತ್ರರೊಬ್ಬರ ಮನೆಯಲ್ಲಿ ಒಂದು ಶುಕ್ರವಾರ ಪೂಜೆ, ಊಟ, ಆಮೇಲೆ ಭಜನೆ. ಆ ಕುಟುಂಬವೂ ಬಂದಿತ್ತು. ಕೀಬೋರ್ಡ್ ನುಡಿಸುತ್ತಿದ್ದವರು ನಮ್ಮ ಸದಸ್ಯರೇ. ಢೋಲಕ್ ಹಿಡಿದಿದ್ದವರು ಮಾತ್ರ ನನಗೆ ಹೊಸಬರು. ಬೆಳ್ತಂಗಡಿ ಕಡೆಯವರು, ಮಹಬೂಲಾದಲ್ಲಿ ಆರು ಮಂದಿಯ ಕೋಣೆಯಲ್ಲಿ ವಾಸ, ಅಡುಗೆಯ ಕಂಪನಿಯೊಂದರಲ್ಲಿ ಕೆಲಸ. ಪಾತ್ರೆ ತಂದಿಳಿಸಲು ಬಂದವರು ಮೂಲೆಯಲ್ಲಿದ್ದ ಢೋಲಕ್ ಕಂಡು, "ಒಮ್ಮೆ ನೋಡಬಹುದಾ?" ಎಂದು ಕೇಳಿ ಕುಳಿತುಕೊಂಡಿದ್ದರು.

ದೊಡ್ಡವರ ಒತ್ತಾಯಕ್ಕೆ ಮಗು ಅದೇ ಭಾವಗೀತೆಯನ್ನು ಎತ್ತಿಕೊಂಡಿತು. ಎರಡನೆಯ ಚರಣದ ಹೊಸ್ತಿಲಲ್ಲಿ ಮತ್ತೆ ನಿಂತಿತು. ತಾಯಿಯ ಮುಖ ಬಿಳಿಚಿಕೊಂಡಿತು. ಆದರೆ ಏನೂ ಆಗಲಿಲ್ಲ. ಢೋಲಕ್ ಇನ್ನೊಂದು ಆವರ್ತ ಸುತ್ತಿತು. ಕೀಬೋರ್ಡಿನವರು ಹಿನ್ನೆಲೆಯ ಆ ತುಣುಕನ್ನು ಇನ್ನೊಮ್ಮೆ ನುಡಿಸಿ, ನಡುವೆ ಚಿಕ್ಕದೊಂದು ಗಮಕವನ್ನೂ ಸೇರಿಸಿದರು. ಮಗುವಿಗೆ ಪದ ನೆನಪಾಯಿತು, ಹಾಡು ಮುಂದುವರಿಯಿತು. ಮರೆತದ್ದು ಕೋಣೆಯಲ್ಲಿದ್ದ ಅರ್ಧ ಜನರಿಗೆ ತಿಳಿಯಲೇ ಇಲ್ಲ.

ಊಟದ ಎಲೆ ತೆಗೆಯುವಾಗ ಢೋಲಕಿನವರನ್ನು ಕೇಳಿದೆ. "ಎಂತ ಉಂಟು ಸಾರ್ ಅದರಲ್ಲಿ? ಮಗು ಉಸಿರು ತೆಗೆಯುವುದು ನೋಡಿದರೆ ಗೊತ್ತಾಗ್ತದೆ, ಅದಕ್ಕೆ ಪದ ಸಿಕ್ಕಿಲ್ಲಾಂತ. ಒಂದು ಸುತ್ತು ಜಾಸ್ತಿ ಬಾರಿಸಿದರಾಯ್ತು" ಎಂದರು. ಊರಿನಲ್ಲಿ ಭಜನಾ ಮಂಡಳಿಯಲ್ಲಿ ಬಾರಿಸುತ್ತಿದ್ದರಂತೆ, ಗಣೇಶನ ಹಬ್ಬಕ್ಕೆ ಆರ್ಕೆಸ್ಟ್ರಾಗಳಿಗೂ ಹೋಗುತ್ತಿದ್ದರಂತೆ. ನಮ್ಮ ಕಾರ್ಯಕ್ರಮಗಳಿಗೆ ಯಾಕೆ ಬರುವುದಿಲ್ಲ ಎಂದು ಸಹಜವಾಗಿಯೇ ಕೇಳಿದೆ. "ಪಾಸು ಫ್ಯಾಮಿಲಿಯವರಿಗೆ ಅಂತ ಹೇಳಿದರಲ್ಲ ಸಾರ್" ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಇಷ್ಟು ಚುಚ್ಚುತ್ತಿರಲಿಲ್ಲವೇನೋ.

2024ರ ಜೂನ್ 12ರ ಬೆಳಗಿನ ಜಾವ ನಮ್ಮ ಮಂಗಫ್‌ನ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು ನಲವತ್ತಕ್ಕೂ ಹೆಚ್ಚು ಭಾರತೀಯರು ತೀರಿಕೊಂಡರು. ಹೆಚ್ಚಿನವರು ಕೇರಳದವರು, ಕಲಬುರಗಿ ಜಿಲ್ಲೆಯ ನಮ್ಮವರೊಬ್ಬರೂ ಅವರಲ್ಲಿದ್ದರು. ಹೊಗೆಯ ವಾಸನೆ ನಮ್ಮ ಬಾಲ್ಕನಿಗೂ ಬಂದಿತ್ತು. ಎಷ್ಟೋ ವರ್ಷ ಅದೇ ಬೀದಿಗಳಲ್ಲಿ ಓಡಾಡಿದ್ದರೂ, ಅದೇ ಬಕಾಲದಲ್ಲಿ ಹಾಲು ಮೊಸರು ಕೊಂಡಿದ್ದರೂ, ಆ ಕಟ್ಟಡದವರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿರಲಿಲ್ಲ. ಅಂದು ನಾವೆಲ್ಲ ದುಃಖಿಸಿದೆವು, ಮೌನ ಆಚರಿಸಿದೆವು. ಪಾಸಿನ ನಿಯಮ ಮಾತ್ರ ಹಾಗೆಯೇ ಉಳಿಯಿತು.

ಸಮಿತಿಯವರ ಕಷ್ಟ ನನಗೆ ತಿಳಿಯದ್ದಲ್ಲ. ಊರಿನಿಂದ ಎಂಟು ವಾದಕರನ್ನು ಕರೆಸಿದರೆ ಎಂಟು ವೀಸಾ, ಎಂಟು ವಿಮಾನ ಟಿಕೆಟ್, ವಾದ್ಯಗಳಿಗೆ ಹೆಚ್ಚುವರಿ ಲಗೇಜು, ವಸತಿ, ಊಟ. ಸಭಾಂಗಣ ಸಿಗುವುದು ಗಂಟೆಯ ಲೆಕ್ಕದಲ್ಲಿ. ಸೌಂಡ್ ಚೆಕ್‌ಗೆಂದು ಎರಡು ಗಂಟೆ ಹೋದರೆ ಮಕ್ಕಳ ನೃತ್ಯಗಳನ್ನು ಕತ್ತರಿಸಬೇಕು, ನೃತ್ಯ ಕತ್ತರಿಸಿದರೆ ತಾಯಂದಿರಿಗೆ ಉತ್ತರ ಹೇಳಬೇಕು. ಪ್ರಾಯೋಜಕರು ಮೊದಲಿನಂತೆ ಕೈ ಬಿಚ್ಚುವುದಿಲ್ಲ. ಆದರೆ ಈ ಲೆಕ್ಕವೆಲ್ಲ ಊರಿನಿಂದಲೇ ವೃಂದ ಬರಬೇಕೆಂಬ ಊಹೆಯ ಮೇಲೆ ನಿಂತಿದೆ. ವಾದಕರು ಇಲ್ಲಿಯೇ ಇದ್ದಾರೆ. ನಮ್ಮ ಮಕ್ಕಳಲ್ಲಿ ಕೀಬೋರ್ಡ್, ಪಿಟೀಲು, ಡ್ರಮ್ಸ್, ಮೃದಂಗ ಕಲಿಯುತ್ತಿರುವವರು ಹತ್ತಕ್ಕೆ ಕಡಿಮೆಯಿಲ್ಲ. ಪರೀಕ್ಷೆಗೆ ಕುಳಿತು ಪ್ರಮಾಣಪತ್ರ ತಂದವರೂ ಇದ್ದಾರೆ. ಇವರಲ್ಲಿ ಇನ್ನೊಬ್ಬರ ಹಾಡಿಗೆ ಸಾಥ್ ಕೊಟ್ಟವರು ಎಷ್ಟು ಮಂದಿ? ನನ್ನ ಮಗನನ್ನೇ ಕೇಳಿದೆ. "ಯಾರೂ ಕರೀಲಿಲ್ಲ ಅಪ್ಪ" ಎಂದ. ಗೋವಾದ, ಕೇರಳದ ಸ್ನೇಹಿತರಲ್ಲಿ ಪಳಗಿದ ಗಿಟಾರ್ ವಾದಕರಿದ್ದಾರೆ. ಕನ್ನಡ ಬಾರದಿದ್ದರೂ ಶ್ರುತಿ ಬರುತ್ತದೆ.

ಹೆಸರಾಂತ ಗಾಯಕರು ಬೇಡವೇ ಎಂದು ಕೇಳುವವರಿಗೆ ನನ್ನ ನೇರ ಉತ್ತರ: ಈ ವರ್ಷಕ್ಕೆ ಬೇಡ. ಅವರ ಬಗ್ಗೆ ಗೌರವವಿದೆ, ಸೆಲ್ಫಿಯ ಆಸೆ ನನಗೂ ಇದೆ. ಆದರೆ ಅಷ್ಟು ಖರ್ಚು ಮಾಡಿ ಕರೆಸಿ, ಟ್ರ್ಯಾಕಿನ ಮುಂದೆ ನಿಲ್ಲಿಸಿ ಹಾಡಿಸುವುದು ಅವರಿಗೂ ಮರ್ಯಾದೆಯಲ್ಲ. ಆ ಹಣದ ಒಂದು ಪಾಲಿನಲ್ಲಿ ಒಳ್ಳೆಯ ಡ್ರಮ್ ಸೆಟ್, ಮೈಕುಗಳು, ಅನುಭವಿ ಸೌಂಡ್ ಎಂಜಿನಿಯರ್ ಬಾಡಿಗೆಗೆ ಸಿಗುತ್ತಾರೆ. ನಮ್ಮ ವೃಂದ ಮೊದಲ ವರ್ಷ ತಪ್ಪು ನುಡಿಸಬಹುದು. ಶ್ರುತಿ ಅಲ್ಲಲ್ಲಿ ಜಾರಬಹುದು. ಅದನ್ನು ವಿಡಿಯೋ ಮಾಡಿ ಊರಿಗೆ ಕಳುಹಿಸಿದರೆ ನಗುವವರೂ ಇರಬಹುದು, ಇರಲಿ.

ಜೊತೆಗೆ ಇನ್ನೊಂದು ಕೋರಿಕೆ. ಸಭಾಂಗಣದ ಐವತ್ತು ಆಸನಗಳನ್ನು ಒಂಟಿಯಾಗಿ ಇಲ್ಲಿ ದುಡಿಯುತ್ತಿರುವ ಕನ್ನಡಿಗರಿಗೆ, ತುಳುವರಿಗೆ, ಕೊಂಕಣಿಗರಿಗೆ ಮೀಸಲಿಡಬೇಕು. ಅವೂ ಹಿಂದಿನ ಸಾಲುಗಳಾಗದಿರಲಿ. ಮಹಬೂಲಾದಿಂದ ಬಸ್ಸಿನ ವ್ಯವಸ್ಥೆಯ ಖರ್ಚನ್ನು ನಾಲ್ಕು ಕುಟುಂಬಗಳು ಸೇರಿ ಹೊರುವೆವೆಂದು ಈಗಾಗಲೇ ಮಾತಾಡಿಕೊಂಡಿದ್ದೇವೆ.

ಬೆಳ್ತಂಗಡಿಯವರಿಗೆ ಫೋನ್ ಮಾಡಿದ್ದೆ. ಶುಕ್ರವಾರ ಮಧ್ಯಾಹ್ನ ಎರಡರ ನಂತರವಾದರೆ ಬರುತ್ತಾರೆ, ಹೋಗಿ ಕರೆದುಕೊಂಡು ಬರಬೇಕು. ಕೀಬೋರ್ಡಿನವರು ಒಪ್ಪಿದ್ದಾರೆ. ನನ್ನ ಮಗ ಡ್ರಮ್ಸ್ ಕಡ್ಡಿಗಳನ್ನು ಹುಡುಕಿ ತೆಗೆದಿಟ್ಟಿದ್ದಾನೆ. ಬಾಲಕಿಯ ತಾಯಿ ಮೊದಲು ಬೇಡವೆಂದರು, ಆಮೇಲೆ ಮಗಳೇ ಫೋನ್ ಕಸಿದುಕೊಂಡು, "ಅಂಕಲ್, ಢೋಲಕ್ ಮಾಮ ಬರ್ತಾರಾ?" ಎಂದು ಕೇಳಿದಳು. ಬರುತ್ತಾರೆಂದು ಹೇಳಿದ್ದೇನೆ. ತಬಲಾ ಬಲ್ಲವರು, ಕೊಳಲು ಬಲ್ಲವರು, ಮಂಚದ ಕೆಳಗೆ ಗಿಟಾರ್ ಇಟ್ಟು ವರ್ಷಗಳಿಂದ ಮರೆತವರು ಯಾರಾದರೂ ಇದ್ದರೆ, ಮುಂದಿನ ಶುಕ್ರವಾರದೊಳಗೆ ಸಾಂಸ್ಕೃತಿಕ ಕಾರ್ಯದರ್ಶಿಗಳಿಗೆ ತಿಳಿಸಬೇಕಾಗಿ ವಿನಂತಿ.