ಅಜ್ಜನ ಹೆಸರು ಯಾವ ದಫ್ತರದಲ್ಲಿದೆ?

ಹಾವೇರಿ: ಸುಗ್ಗಿ ಮುಗಿದ ಮೇಲೆ ಈ ಸೀಮೆಯ ಹಳ್ಳಿಗಳಿಗೆ ಹೆಳವರು ಬರುವ ವಾಡಿಕೆ ಇಂದಿಗೂ ಪೂರ್ತಿ ನಿಂತಿಲ್ಲ. ಹಿಂದೆ ಎತ್ತಿನ ಮೇಲೆ ಬರುತ್ತಿದ್ದವರು ಈಗ ಮೋಟಾರ್ ಸೈಕಲ್ ಮೇಲೆ ಬರುತ್ತಾರೆ. ಮನೆಯ ಕಟ್ಟೆಯ ಮೇಲೆ ಕುಳಿತು, ಆ ಮನೆತನದ ಮೂಲಪುರುಷನಿಂದ ಹಿಡಿದು ಹೋದ ವರ್ಷ ಹುಟ್ಟಿದ ಮಗುವಿನವರೆಗೆ ಹೆಸರು ಹೇಳಿ, ಕಾಳುಕಡಿ ಪಡೆದು ಮುಂದಿನ ಮನೆಗೆ ಹೋಗುತ್ತಾರೆ. ಯಾವ ಊರಿನಿಂದ ಯಾರು ಬಂದು ನೆಲೆಸಿದರು, ಯಾರು ಯಾರಿಗೆ ದತ್ತು ಹೋದರು ಎಂಬುದೆಲ್ಲ ಅವರ ಹೊತ್ತಿಗೆಯಲ್ಲಿದೆ. ಆದರೆ ಅದೇ ಮನೆಯವರು ತಮ್ಮ ಅಜ್ಜ ಇದೇ ನೆಲದವನೆಂದು ಸರ್ಕಾರಕ್ಕೆ ತೋರಿಸಬೇಕಾದಾಗ ಈ ಹೊತ್ತಿಗೆಯ ನೆನಪು ಯಾರಿಗೂ ಬರುವುದಿಲ್ಲ. ಅಲ್ಲಿ ಬೇಕಾಗಿರುವುದು ಮೊಹರು ಬಿದ್ದ ಕಾಗದ.

ವಂಶದ ಬೇರು ಹುಡುಕುವುದು ವಿದೇಶಕ್ಕೆ ಹೋಗುವವರ ಹವ್ಯಾಸವೆಂದು ನಾವು ಭಾವಿಸಿದ್ದ ಕಾಲವಿತ್ತು. ಇದಕ್ಕೆ ಇಟಲಿಯ ಉದಾಹರಣೆ ಪ್ರಸಿದ್ಧ. ರಕ್ತಸಂಬಂಧದ ಆಧಾರದಲ್ಲಿ ಪೌರತ್ವ ಕೊಡುವ ಆ ದೇಶದ ಕಾನೂನಿನಲ್ಲಿ ತಲೆಮಾರುಗಳ ಮಿತಿಯೇ ಇರಲಿಲ್ಲ. ಅರ್ಜೆಂಟೀನಾ, ಬ್ರೆಜಿಲ್‌ಗಳಿಗೆ ವಲಸೆ ಹೋದವರ ಮರಿಮಕ್ಕಳು ಮುತ್ತಜ್ಜನ ಜನನ ದಾಖಲೆಯನ್ನು ಇಟಲಿಯ ಯಾವುದೋ ಸಣ್ಣ ಪುರಸಭೆಯಿಂದಲೋ ಚರ್ಚಿನಿಂದಲೋ ತರಿಸಿಕೊಂಡು ಅರ್ಜಿ ಹಾಕುತ್ತಿದ್ದರು. 2025ರ ಮಾರ್ಚ್ 28ರಂದು ಹೊರಡಿಸಿದ ತುರ್ತು ಶಾಸನದ ಮೂಲಕ ಇಟಲಿ ಈ ಹಾದಿಯನ್ನು ಸ್ಥೂಲವಾಗಿ ತಂದೆತಾಯಿ, ಅಜ್ಜ–ಅಜ್ಜಿಯರ ಮಟ್ಟಕ್ಕೆ ಸೀಮಿತಗೊಳಿಸಿತು. ಮೇ ತಿಂಗಳಲ್ಲಿ ಅದು ಸಂಸತ್ತಿನ ಒಪ್ಪಿಗೆ ಪಡೆಯಿತು. ಅಲ್ಲಿನ ಚರ್ಚೆ ಏನೇ ಇರಲಿ, ಒಂದು ಅಂಶ ಗಮನಾರ್ಹ. ಅಲ್ಲಿ ಪೂರ್ವಜರನ್ನು ಹುಡುಕಿ ಹೊರಟವರು ಹೊಸ ಪೌರತ್ವ ಬಯಸಿದವರು. ನಮ್ಮಲ್ಲಿ ಆ ಹುಡುಕಾಟ, ಇರುವ ಹಕ್ಕನ್ನು ಉಳಿಸಿಕೊಳ್ಳಲು ಬೇಕಾಗುತ್ತಿದೆ.

ನೆಲದಿಂದ ರಕ್ತದ ಕಡೆಗೆ

ನಮ್ಮ 1955ರ ಪೌರತ್ವ ಕಾಯ್ದೆ ಮೂಲದಲ್ಲಿ ನೆಲವನ್ನು ನಂಬಿತ್ತು. 1987ರ ಜುಲೈ 1ಕ್ಕಿಂತ ಮೊದಲು ರಾಣೆಬೆನ್ನೂರಿನಲ್ಲಿ ಹುಟ್ಟಿದವರು, ಕೆಲವೇ ಅಪವಾದಗಳನ್ನು ಬಿಟ್ಟರೆ, ಹುಟ್ಟಿನಿಂದಲೇ ಭಾರತೀಯರು. ಆ ದಿನದ ನಂತರ ಹುಟ್ಟಿದವರ ತಂದೆತಾಯಿಗಳಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. 2004ರ ಡಿಸೆಂಬರ್ 3ರಿಂದ ಈಚೆಗೆ ಹುಟ್ಟಿದವರ ವಿಷಯದಲ್ಲಿ ಒಬ್ಬರು ಭಾರತೀಯರಾಗಿದ್ದು, ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಎಂದರೆ ಇಂದು ಕಾಲೇಜು ಮೆಟ್ಟಿಲು ಹತ್ತುತ್ತಿರುವ ಯುವಕನ ಪೌರತ್ವದ ಪ್ರಶ್ನೆ ಕಾನೂನಿನ ಕಣ್ಣಿನಲ್ಲಿ ಅವನ ತಂದೆತಾಯಿಯ ಪ್ರಶ್ನೆಯೂ ಆಗಿದೆ. ಆಧಾರ್ ಸಂಖ್ಯೆ ಪೌರತ್ವದ ಪುರಾವೆಯಲ್ಲ ಎಂದು ಆಧಾರ್ ಕಾಯ್ದೆಯೇ ಹೇಳುತ್ತದೆ.

ಇದರ ಪರಿಣಾಮವನ್ನು ದೇಶ ಮೊದಲು ಕಂಡಿದ್ದು ಅಸ್ಸಾಮಿನಲ್ಲಿ. ತಾವು ಅಥವಾ ತಮ್ಮ ಪೂರ್ವಜರು 1971ರ ಮಾರ್ಚ್ 24ರ ಮಧ್ಯರಾತ್ರಿಗೆ ಮುನ್ನ ಅಲ್ಲಿದ್ದರೆಂಬ ದಾಖಲೆ, ಆ ಪೂರ್ವಜರೊಂದಿಗೆ ತಮ್ಮ ಸಂಬಂಧ ತೋರುವ ಇನ್ನೊಂದು ದಾಖಲೆ ಅಲ್ಲಿನವರಿಗೆ ಬೇಕಾಯಿತು. 2019ರ ಆಗಸ್ಟ್ 31ರಂದು ಪ್ರಕಟವಾದ ಅಂತಿಮ ಪಟ್ಟಿಯಿಂದ 19,06,657 ಮಂದಿ ಹೊರಗುಳಿದರು. ಮದುವೆಯಾಗಿ ಬೇರೆ ಊರಿಗೆ ಹೋದ, ಶಾಲೆ ಕಾಣದ ಹೆಣ್ಣುಮಕ್ಕಳು ತಂದೆಯೊಂದಿಗಿನ ಸಂಬಂಧವನ್ನು ಕಾಗದದಲ್ಲಿ ತೋರಿಸಲು ಪಟ್ಟ ಪಾಡು ವಿಶೇಷವಾಗಿ ಕಠಿಣವಾಗಿತ್ತು.

ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ 2025ರಲ್ಲಿ ಬಿಹಾರದಿಂದ ಆರಂಭವಾಯಿತು. ಅಕ್ಟೋಬರ್ 27ರಂದು ಚುನಾವಣಾ ಆಯೋಗ ಅದನ್ನು 12 ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳಿಗೆ ವಿಸ್ತರಿಸಿತು. ಅವುಗಳಲ್ಲಿ ನೆರೆಯ ಗೋವಾ, ಕೇರಳ, ತಮಿಳುನಾಡು ಸೇರಿದ್ದವು. ಹಿಂದಿನ ತೀವ್ರ ಪರಿಷ್ಕರಣೆಯ ಪಟ್ಟಿಯಲ್ಲಿ ತಮ್ಮ ಅಥವಾ ತಂದೆತಾಯಿಯ ಹೆಸರು ತೋರಿಸಬಲ್ಲವರ ದಾರಿ ಸುಗಮ, ಉಳಿದವರು ದಾಖಲೆ ಒದಗಿಸಬೇಕು ಎಂಬುದು ಅದರ ತಿರುಳು. ಕೂಲಿಗಾಗಿ ಗೋವೆಗೆ ಹೋಗಿ ಅಲ್ಲಿಯೇ ಮತದಾರರಾದ ಉತ್ತರ ಕರ್ನಾಟಕದ ಕುಟುಂಬಗಳಿಗೆ ಇದರ ಅರ್ಥ ಸ್ಪಷ್ಟ: ಅವರು ಹುಡುಕಬೇಕಾದ ಹೆಸರು ಗೋವೆಯ ಹಳೆಯ ಪಟ್ಟಿಯಲ್ಲಿ ಇರುವುದಿಲ್ಲ, ಕರ್ನಾಟಕದ 2002ರ ಪಟ್ಟಿಯಲ್ಲಿರುತ್ತದೆ. ಮತದಾರರ ಪಟ್ಟಿ ಮತ್ತು ಪೌರತ್ವ ಎರಡೂ ಒಂದೇ ಅಲ್ಲ, ನಿಜ. ಆದರೆ ತಂದೆಯ ಹೆಸರು ಎಲ್ಲಿದೆ ಎಂಬ ಪ್ರಶ್ನೆ ಎರಡರಲ್ಲಿಯೂ ಒಂದೇ.

ಇಲ್ಲದ ತಾಲ್ಲೂಕುಗಳು

ಹಾವೇರಿ ಜಿಲ್ಲೆಯಲ್ಲಿ ಈ ಹುಡುಕಾಟ ಇನ್ನೂ ಜಟಿಲ. ಜಿಲ್ಲೆ ರಚನೆಯಾದದ್ದೇ 1997ರ ಆಗಸ್ಟ್ 24ರಂದು. ಅದಕ್ಕೆ ಮೊದಲು ಇದು ಧಾರವಾಡ ಜಿಲ್ಲೆ. 1956ರ ನವೆಂಬರ್ 1ಕ್ಕೆ ಹಿಂದೆ ಮುಂಬಯಿ ರಾಜ್ಯ, ಸ್ವಾತಂತ್ರ್ಯಕ್ಕೆ ಮುನ್ನ ಮುಂಬಯಿ ಪ್ರಾಂತ. ಬ್ರಿಟಿಷರ ಕಾಲದ ಧಾರವಾಡ ಜಿಲ್ಲೆಯಲ್ಲಿ ಹಾವೇರಿ ಪಟ್ಟಣವಿದ್ದದ್ದು ಕರಜಗಿ ತಾಲ್ಲೂಕಿನಲ್ಲಿ. ಬ್ಯಾಡಗಿ ಸೇರಿದ್ದು ರಾಣೆಬೆನ್ನೂರು ತಾಲ್ಲೂಕಿಗೆ. ಬಂಕಾಪುರ, ಕೋಡಗಳೂ ಆಗ ತಾಲ್ಲೂಕುಗಳೇ. ಸವಣೂರು ನವಾಬರ ಸಂಸ್ಥಾನವಾಗಿದ್ದು, 1948ರಲ್ಲಿ ವಿಲೀನಗೊಂಡಿತು. ಅಜ್ಜನ ಕಾಗದದಲ್ಲಿ ‘ಕರಜಗಿ ತಾಲ್ಲೂಕು’ ಎಂದಿದ್ದರೆ, ಹಾವೇರಿ ಎಂದು ಹುಡುಕುವ ಮೊಮ್ಮಗನಿಗೆ ಅದು ಸಿಗುವುದಿಲ್ಲ. ಕೆಲವು ಹಳೆಯ ಕಾಗದಗಳು ಮೋಡಿ ಲಿಪಿಯಲ್ಲಿರುವುದರಿಂದ, ಸಿಕ್ಕರೂ ಓದುವವರಿಲ್ಲ.

ಹೆಸರುಗಳ ಗೊಂದಲ ಬೇರೆ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಬಸಪ್ಪನಾದವನು ಪಹಣಿಯಲ್ಲಿ ಬಸವಂತಪ್ಪ. ಒಬ್ಬ ಮಗನ ಅಡ್ಡಹೆಸರು ಕಸುಬಿನದು, ಇನ್ನೊಬ್ಬನದು ಊರಿನದು. ತವರಿನಲ್ಲಿ ಒಂದು ಹೆಸರಿದ್ದ ಹೆಣ್ಣುಮಗಳಿಗೆ ಮದುವೆಯ ದಿನ ಗಂಡನ ಮನೆಯಲ್ಲಿ ಮತ್ತೊಂದು ಹೆಸರಿಡುವ ಪದ್ಧತಿ ಈ ಭಾಗದಲ್ಲಿ ಬಹುಕಾಲ ನಡೆದುಬಂದಿದೆ. ಊರವರಿಗೆ ಇದು ಸಹಜ, ಪಟ್ಟಿ ತಾಳೆ ನೋಡುವ ಕಂಪ್ಯೂಟರಿಗೆ ಇವರು ಬೇರೆ ಬೇರೆ ವ್ಯಕ್ತಿಗಳು.

ಇವೆಲ್ಲದರ ನಡುವೆ ಹೊಲವಿದ್ದವನು ಹೇಗೋ ಪಾರಾಗುತ್ತಾನೆ. ಅವನ ಬಳಿ ಪಹಣಿ, ಹಕ್ಕು ಬದಲಾವಣೆಯ ದಾಖಲೆ, ಪೌತಿ ಖಾತೆಗಾಗಿ ಮಾಡಿಸಿದ ವಂಶವೃಕ್ಷ ಇರುತ್ತವೆ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಭೂಹೀನ ಹಮಾಲನ ಬಳಿ ಇವ್ಯಾವೂ ಇರುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತು, ಅದು ಈ ಸೀಮೆಯದೇ ಎಂಬುದು ಕಾನೂನುಬದ್ಧವಾಗಿ ಸ್ಥಾಪಿತವಾಗಿದೆ. ಅದನ್ನು ಹೊತ್ತವನ ಮೂಲಕ್ಕೆ ಅಂತಹ ಕಾಗದವಿಲ್ಲ. ಅಲೆಮಾರಿಗಳಾದ ಹೆಳವರ ಸ್ಥಿತಿ ಇನ್ನೂ ವಿಪರ್ಯಾಸದ್ದು: ಊರಿನವರೆಲ್ಲರ ವಂಶಾವಳಿ ಕಾಪಾಡಿದವರಿಗೆ ತಮ್ಮದೇ ಊರಿನ ದಾಖಲೆ ತೋರಿಸುವುದು ಕಷ್ಟ.

ಹೊರೆ ಯಾರ ಮೇಲೆ?

ಪುರಾವೆಯ ಹೊರೆಯನ್ನು ನಾಗರಿಕನ ಮೇಲೆ ಹಾಕುವ ಸರ್ಕಾರ, ಪುರಾವೆ ತನ್ನ ಕಪಾಟಿನಲ್ಲಿಯೇ ಇದೆಯೆಂಬುದನ್ನು ಮರೆಯಬಾರದು. ತಾಲ್ಲೂಕು ಕಚೇರಿಗಳ ಅಭಿಲೇಖಾಲಯಗಳಲ್ಲಿನ ಭೂದಾಖಲೆಗಳನ್ನು ಗಣಕೀಕರಿಸುವ ‘ಭೂ ಸುರಕ್ಷಾ’ ಯೋಜನೆಯನ್ನು ಕಂದಾಯ ಇಲಾಖೆ 2024ರಲ್ಲಿ ಆರಂಭಿಸಿದ್ದು ಸ್ವಾಗತಾರ್ಹ. ಆದರೆ ಭೂದಾಖಲೆ ಭೂಮಿಯಿದ್ದವರದು. ಭೂಹೀನರ ಹೆಸರು ಸಿಗುವುದು ಹಳೆಯ ಜನನ–ಮರಣ ಪುಸ್ತಕಗಳಲ್ಲಿ, ಶಾಲಾ ದಾಖಲಾತಿಗಳಲ್ಲಿ, ಹಳೆಯ ಮತದಾರರ ಪಟ್ಟಿಗಳಲ್ಲಿ. ಇವುಗಳನ್ನೂ ಗಣಕೀಕರಿಸಿ, ಹಳೆಯ ಮತ್ತು ಹೊಸ ತಾಲ್ಲೂಕುಗಳ ಹೆಸರಿನ ಸೂಚಿಯೊಂದಿಗೆ ಜನರ ಕೈಗೆಟುಕುವಂತೆ ಮಾಡುವುದು ಜಿಲ್ಲಾಡಳಿತಕ್ಕೆ ಅಸಾಧ್ಯದ ಕೆಲಸವೇನಲ್ಲ.

ಹೆಳವರ ಹೊತ್ತಿಗೆಯನ್ನೂ ಕೇವಲ ಜಾನಪದವೆಂದು ತಳ್ಳಿಹಾಕಬೇಕಿಲ್ಲ. ರಕ್ತಸಂಬಂಧದ ವಿವಾದಗಳಲ್ಲಿ ಮೃತರು ಬರೆದಿಟ್ಟ ವಂಶಾವಳಿಯನ್ನು ಕೆಲವು ಷರತ್ತುಗಳಿಗೆ ಒಳಪಟ್ಟು ಪರಿಗಣಿಸಲು 1872ರ ಸಾಕ್ಷ್ಯ ಕಾಯ್ದೆಯ 32ನೇ ಕಲಂ ಅವಕಾಶ ನೀಡಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 26ನೇ ಕಲಂ ಅದನ್ನು ಮುಂದುವರಿಸಿದೆ. ಹೊತ್ತಿಗೆಯೊಂದೇ ಸಾಕೆಂದು ಯಾರೂ ವಾದಿಸುವುದಿಲ್ಲ. ಹಣ ಕೊಟ್ಟು ಹೆಸರು ಸೇರಿಸುವ ಅಪಾಯ ಅಲ್ಲಿಯೂ ಉಂಟು. ಆದರೆ ಊರಿನ ಪಂಚರ ಹೇಳಿಕೆಯ ಜೊತೆಗೆ ಪೂರಕ ಸಾಕ್ಷ್ಯವಾಗಿ ಅದನ್ನು ನೋಡಲು ಅಡ್ಡಿಯೇನು?

1969ರ ಜನನ ಮತ್ತು ಮರಣ ನೋಂದಣಿ ಕಾಯ್ದೆಗೆ ಆದ ತಿದ್ದುಪಡಿ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಆ ದಿನದಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಉದ್ಯೋಗ, ಮತದಾರರ ಪಟ್ಟಿಗಳಲ್ಲಿ ಜನನ ಪ್ರಮಾಣಪತ್ರವೇ ಆಧಾರ. ಮುಂದಿನ ಪೀಳಿಗೆಯ ಚಿಂತೆ ಅಷ್ಟರಮಟ್ಟಿಗೆ ಕಡಿಮೆಯಾದೀತು. ಅದಕ್ಕೆ ಹಿಂದಿನವರು, ಅದರಲ್ಲಿಯೂ ಮನೆಯಲ್ಲಿ ಹೆತ್ತ ಮತ್ತು ಮನೆಯಲ್ಲಿಯೇ ಹುಟ್ಟಿದ ಕೋಟ್ಯಂತರ ಜನ, ಇನ್ನೂ ನಮ್ಮ ನಡುವೆ ಇದ್ದಾರೆ. ಅವರಿಂದ ಕಾಗದ ಕೇಳುವ ಮುನ್ನ ಸರ್ಕಾರ ತನ್ನ ದಫ್ತರಗಳ ಧೂಳು ಕೊಡವಬೇಕು.