ವೈಫೈ ಬರ್ತಿಲ್ಲ ಅಂದ್ರ ಕಾರ್ಡೇ ಹೋಗೇತಿ ಅಂತಲ್ಲ

ಜೂನ್ ಬಂತೆಂದರೆ ನಮ್ಮ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಎರಡು ಗಡಿಬಿಡಿ ಕೂಡಿಯೇ ಶುರುವಾಗುತ್ತವೆ. ಒಂದು ಮಳಿ, ಇನ್ನೊಂದು ಮಕ್ಕಳ ಅಡ್ಮಿಷನ್. ಸಿಇಟಿ ಆಪ್ಷನ್ ಎಂಟ್ರಿ, ಸ್ಕಾಲರ್‌ಶಿಪ್, ಹಾಸ್ಟೆಲ್ ಅರ್ಜಿ ಎಲ್ಲಾ ಆನ್‌ಲೈನ್. ಸರಿಯಾಗಿ ಅದೇ ಹೊತ್ತಿಗೆ ಮನೆಯ ಹಳೇ ಲ್ಯಾಪ್‌ಟಾಪು ವೈಫೈ ಒಲ್ಲೆ ಅಂತ ಕೂತುಬಿಡುತ್ತದೆ. ಕೊನೇ ದಿನಾಂಕ ಹತ್ತಿರ ಇದ್ದಾಗ ಯಾರು ಏನು ಹೇಳಿದರೂ ನಂಬುತ್ತೇವೆ, ಎಷ್ಟು ಕೇಳಿದರೂ ಕೊಡುತ್ತೇವೆ. ಅದಕ್ಕೇ ಈ ಸಲ ಇದರ ಬಗ್ಗೆ ನಾಲ್ಕು ಮಾತು.

ಹೋದ ವರ್ಷ ನಮ್ಮ ಓಣಿಯ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ಎದಿಗೆ ಅವಚಿಕೊಂಡು ಬಂದಳು. ಜೊತೆಗೆ ಅವರವ್ವ.

"ಕಾಕೂ, ಇದರ ವೈಫೈ ಕಾರ್ಡು ಹೋಗೇತಂತ್ರಿ. ಬೋರ್ಡೇ ಬದಲಿ ಮಾಡಬೇಕಂತ. ಹದಿನಾಲ್ಕು ಸಾವಿರ ಹೇಳ್ಯಾರ. ನಾಡಿದ್ದು ಆಪ್ಷನ್ ಎಂಟ್ರಿ ಕಡೀ ದಿನಾ."

"ಅಂಗಡ್ಯಾಗ ಬಿಚ್ಚಿ ನೋಡಿದ್ರೇನವಾ?"

"ಇಲ್ರಿ. ಚಾಲೂ ಮಾಡಿ ನೋಡಿ ಹಂಗ ಹೇಳಿದ್ರು."

ಅವರವ್ವ ಮಾತಾಡಲಿಲ್ಲ. ಸೀಟಿನ ಫೀಗೆ ಅಂತ ಎತ್ತಿಟ್ಟ ರೊಕ್ಕದಾಗ ಹದಿನಾಲ್ಕು ಸಾವಿರ ತೆಗೆದರೆ ಉಳಿಯುವುದೆಷ್ಟು ಅನ್ನುವ ಲೆಕ್ಕ ಮುಖದ ಮೇಲೇ ಕಾಣುತ್ತಿತ್ತು.

ನಾನು ಮಾಡಿದ್ದು ಇಷ್ಟೇ. ನನ್ನ ಮೊಬೈಲಿನ ಹಾಟ್‌ಸ್ಪಾಟ್ ಚಾಲೂ ಮಾಡಿ, ಅದರ ಬ್ಯಾಂಡ್ 2.4 ಗಿಗಾಹರ್ಟ್ಸ್‌ಗೆ ಇಟ್ಟೆ. ಲ್ಯಾಪ್‌ಟಾಪು ಅರ್ಧ ನಿಮಿಷದಲ್ಲಿ ಕೂಡಿಕೊಂಡಿತು. ಅಂದರೆ ಕಾರ್ಡು ಗಟ್ಟಿಮುಟ್ಟಾಗಿದೆ! ಕಾರ್ಡು ಸತ್ತಿದ್ದರೆ ಯಾವ ವೈಫೈಗೂ ಅದು ಓಗೊಡುತ್ತಿರಲಿಲ್ಲ.

ಹಂಗಾರ ದೋಷ ಎಲ್ಲಿತ್ತು? ಆ ತಿಂಗಳು ಅವರ ಮನೆಗೆ ಹೊಸ ರೌಟರ್ ಬಂದಿತ್ತು. ಈಗಿನ ರೌಟರ್‌ಗಳು ಸಾಮಾನ್ಯವಾಗಿ ಎರಡು ಬ್ಯಾಂಡಿನಲ್ಲಿ ವೈಫೈ ಕೊಡುತ್ತವೆ: 2.4 ಮತ್ತು 5 ಗಿಗಾಹರ್ಟ್ಸ್. ಎರಡನೆಯದು ಜೋರು ಅಂತ ಯಾರೋ ಮೊದಲನೆಯದನ್ನು ಬಂದ್ ಮಾಡಿದ್ದರು. ಮನೆಯ ಮೊಬೈಲ್‌ಗಳೆಲ್ಲ ಎರಡನ್ನೂ ಹಿಡಿಯುವಂಥವು, ಅವು ಸುಮ್ಮನೆ ನಡೆದವು. ಹಳೇ ಲ್ಯಾಪ್‌ಟಾಪಿನ ಕಾರ್ಡಿಗೆ 2.4 ಒಂದೇ ಗೊತ್ತು. ಅದಕ್ಕೆ ಮನೆಯ ವೈಫೈ ಹೆಸರೇ ಕಾಣಲಿಲ್ಲ. ರೌಟರ್‌ನಲ್ಲಿ 2.4 ಮತ್ತೆ ಚಾಲೂ ಮಾಡಿಸಿದರು, ಕೆಲಸ ಮುಗಿಯಿತು. ಖರ್ಚು ಸೊನ್ನೆ. ಅಂದಹಾಗೆ, ವೈಫೈ ಹೆಸರಿನ ಮುಂದೆ 5ಜಿ ಅಂತ ಇರುತ್ತದಲ್ಲ, ಅದು ಈ 5 ಗಿಗಾಹರ್ಟ್ಸ್. ಮೊಬೈಲಿನ 5ಜಿಗೂ ಅದಕ್ಕೂ ಸಂಬಂಧ ಇಲ್ಲ.

ನಿಮ್ಮ ಮನೆಯಲ್ಲೂ ಹೀಗಾದರೆ, ಅಂಗಡಿಗೆ ಹೋಗುವ ಮೊದಲು ಹೊರಗಿನಿಂದ ಒಳಗೆ ಒಂದೊಂದೇ ನೋಡುತ್ತ ಬನ್ನಿ.

ಮೊದಲು, ಅದೇ ವೈಫೈ ಮೊಬೈಲಿಗೆ ಬರುತ್ತದೆಯೇ? ಮೊಬೈಲಿಗೂ ಬರದಿದ್ದರೆ ಲ್ಯಾಪ್‌ಟಾಪ್ ಮುಟ್ಟಬೇಡಿ. ರೌಟರ್ ಆರಿಸಿ, ಅರ್ಧ ನಿಮಿಷ ಬಿಟ್ಟು ಹಚ್ಚಿ.

ಮೊಬೈಲಿಗೆ ಬಂದು ಲ್ಯಾಪ್‌ಟಾಪಿಗೆ ಬರದಿದ್ದರೆ, ಅದು ಏನು ತೋರಿಸುತ್ತದೆ ನೋಡಿ. ಯಾವ ವೈಫೈ ಹೆಸರೂ ಕಾಣದಿದ್ದರೆ ಏರೋಪ್ಲೇನ್ ಮೋಡ್ ಚಾಲೂ ಇರಬಹುದು. ಕೀಬೋರ್ಡಿನ ಮೇಲಿನ ಸಾಲಿನಲ್ಲಿ ವಿಮಾನದ ಚಿತ್ರದ ಕೀ ಇರುತ್ತದೆ. ಹಳೇ ಲ್ಯಾಪ್‌ಟಾಪ್‌ಗಳ ಅಂಚಿನಲ್ಲಿ ಸರಿಸುವ ಸಣ್ಣ ಬಟನ್ನೇ ಇರುತ್ತಿತ್ತು, ಬ್ಯಾಗಿನಲ್ಲಿ ಇಡುವಾಗ ಸರಿದುಬಿಡುತ್ತದೆ. ಬರೀ ಶಟ್‌ಡೌನ್ ಮಾಡಿದರೆ ಸಾಲದು. ಈಗಿನ ವಿಂಡೋಸ್ ಶಟ್‌ಡೌನ್‌ನಲ್ಲಿ ಹಲವು ಸಲ ಪೂರ್ತಿ ಆರುವುದಿಲ್ಲ, ರೀಸ್ಟಾರ್ಟ್ ಕೊಡಿ.

ಆಮೇಲೆ ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆಗೆಯಿರಿ. ನೆಟ್‌ವರ್ಕ್ ಅಡಾಪ್ಟರ್ಸ್ ಅನ್ನುವಲ್ಲಿ ನಿಮ್ಮ ಕಾರ್ಡಿನ ಹೆಸರು ಇರಬೇಕು. ಕೆಳಮುಖದ ಬಾಣ ಇದ್ದರೆ ಅದು ಬಂದ್ ಆಗಿದೆ, ಎನೇಬಲ್ ಮಾಡಿ. ಹಳದಿ ಗುರುತು ಇದ್ದರೆ ಹೆಚ್ಚಾಗಿ ಡ್ರೈವರ್ ತೊಂದರೆ. ಲ್ಯಾಪ್‌ಟಾಪ್ ಕಂಪನಿಯ ವೆಬ್‌ಸೈಟಿನಿಂದ, ನಿಮ್ಮ ಮಾಡೆಲ್‌ಗೆ ಇರುವ ವೈಫೈ ಡ್ರೈವರನ್ನೇ ಇಳಿಸಿಕೊಳ್ಳಿ. ಇಂಟರ್ನೆಟ್ಟೇ ಇಲ್ಲ, ಇಳಿಸಿಕೊಳ್ಳೋದು ಹೆಂಗ ಅಂತೀರಾ? ಮೊಬೈಲನ್ನು ಚಾರ್ಜಿಂಗ್ ವೈರಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಮೊಬೈಲ್ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಚಾಲೂ ಮಾಡಿ. ಕಾರ್ಡಿನ ಹಂಗಿಲ್ಲದೆ ಇಂಟರ್ನೆಟ್ ಬರುತ್ತದೆ. ಅರ್ಜಿಯ ಕೊನೇ ದಿನ ಇದ್ದರೆ ಮೊದಲು ಹೀಗೇ ಅರ್ಜಿ ಮುಗಿಸಿಬಿಡಿ, ರಿಪೇರಿ ನಾಳೆ.

ಹೆಸರು ಕಂಡು, ಪಾಸ್‌ವರ್ಡ್ ಕೊಟ್ಟರೂ ಕೂಡದಿದ್ದರೆ ಆ ಹೆಸರಿನ ಮೇಲೆ ಫರ್ಗೆಟ್ ಒತ್ತಿ, ಹೊಸದಾಗಿ ಪಾಸ್‌ವರ್ಡ್ ಕೊಡಿ. ರೌಟರ್‌ನ ಭದ್ರತೆ ಬರೀ ಡಬ್ಲ್ಯುಪಿಎ3ಗೆ ಇದ್ದರೆ ಕೆಲ ಹಳೇ ಕಾರ್ಡುಗಳು ಕೂಡುವುದಿಲ್ಲ, ಡಬ್ಲ್ಯುಪಿಎ2ಗೆ ಬದಲಿಸಿ ನೋಡಿ. ಕೂಡಿದರೂ ಪುಟ ತೆರೆಯದಿದ್ದರೆ ಲ್ಯಾಪ್‌ಟಾಪಿನ ತಾರೀಕು, ಸಮಯ ಸರಿ ಇದೆಯೇ ನೋಡಿ. ತಾರೀಕು ತಪ್ಪಿದ್ದರೆ ಸುರಕ್ಷಿತ ವೆಬ್‌ಸೈಟ್‌ಗಳು ತೆರೆಯುವುದಿಲ್ಲ.

ಧಾರವಾಡದ ಹಳೇ ಹೆಂಚಿನ ಮನೆಗಳಲ್ಲಿ ಇರುವವರಿಗೆ ಇನ್ನೊಂದು ಮಾತು. ಆ ದಪ್ಪ ಮಣ್ಣಿನ ಗೋಡೆ ಬೇಸಿಗೆಗೆ ತಂಪು, ವೈಫೈಗೆ ವೈರಿ. 5 ಗಿಗಾಹರ್ಟ್ಸ್ ಅಲೆ ಗೋಡೆ ದಾಟುವಾಗ 2.4ಕ್ಕಿಂತ ಬೇಗ ಸೋಲುತ್ತದೆ. ಪಡಸಾಲೆಯಲ್ಲಿ ಬಂದದ್ದು ಒಳಮನೆಯಲ್ಲಿ ಬರದಿದ್ದರೆ ಕಾರ್ಡಿನ ತಪ್ಪಲ್ಲ. ಲ್ಯಾಪ್‌ಟಾಪ್ ರೌಟರ್ ಪಕ್ಕದಲ್ಲಿಟ್ಟು ನೋಡಿ. ಮಗ್ಗುಲಲ್ಲೇ ಇಟ್ಟಾಗ ಮಾತ್ರ ಬಂದು, ಎರಡು ಹೆಜ್ಜೆ ಸರಿದರೆ ಹೋಗುತ್ತಿದ್ದರೆ, ಕಾರ್ಡಿಗೆ ಸಿಕ್ಕಿಸುವ ಸಣ್ಣ ಆಂಟೆನಾ ವೈರು ಬಿಚ್ಚಿರಬಹುದು. ಹಿಂದೆ ರಿಪೇರಿಗೆ ಬಿಚ್ಚಿದ ಲ್ಯಾಪ್‌ಟಾಪ್‌ಗಳಲ್ಲಿ ಇದನ್ನು ಮರೆಯದೆ ನೋಡಿಸಿ.

ಇಷ್ಟೆಲ್ಲ ಆಗಿ, ಮೊಬೈಲ್ ಹಾಟ್‌ಸ್ಪಾಟಿಗೂ ಕೂಡದಿದ್ದರೆ ಕಾರ್ಡು ಹೋಗಿರಬಹುದು ಅನ್ನೋಣ. ಆಗಲೂ ಗಾಬರಿ ಬೇಡ. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಅದು ಎರಡು ಬೆರಳಗಲದ ಬಿಡಿ ಕಾರ್ಡು, ಒಂದು ಸ್ಕ್ರೂ ಬಿಚ್ಚಿ ಬದಲಿಸಬಹುದು. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಮಾತ್ರ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅಂಥದಕ್ಕೂ ಪೆನ್‌ಡ್ರೈವ್‌ನಂತೆ ಸಿಕ್ಕಿಸುವ ಯುಎಸ್‌ಬಿ ವೈಫೈ ಅಡಾಪ್ಟರ್ ಸಿಗುತ್ತದೆ, ಕೆಲವು ನೂರು ರೂಪಾಯಿ ಅಷ್ಟೇ.

ಅಂಗಡಿಯಲ್ಲಿ ಕೇಳಲು ನಾಚಬೇಡಿ. "ಹಾಟ್‌ಸ್ಪಾಟಿಗೆ ಹಚ್ಚಿ ನೋಡೀರೇನ್ರಿ? ಡಿವೈಸ್ ಮ್ಯಾನೇಜರ್‌ನ್ಯಾಗ ಕಾರ್ಡ್ ತೋರಸ್ತದೇನ್ರಿ? ತೆಗದ ಹಳೇ ಕಾರ್ಡ್ ವಾಪಸ್ ಕೊಡ್ರಿ." ಕೆಲಸ ಬಲ್ಲವರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ, ನಿಮ್ಮೆದುರೇ ತೋರಿಸುತ್ತಾರೆ. ತೋರಿಸದೇ ಬೋರ್ಡ್ ಬದಲಿಸಿ ಅಂದರೆ ಲ್ಯಾಪ್‌ಟಾಪ್ ಎತ್ತಿಕೊಂಡು ಇನ್ನೊಂದು ಅಂಗಡಿಗೆ ನಡೆಯಿರಿ.