ತಂಬುಳಿಯ ಬಟ್ಟಲು

ಮಲೆನಾಡಿನ ಮನೆಗಳಲ್ಲಿ ರಾತ್ರಿಯೂಟದ ಸಿದ್ಧತೆ ಹಿತ್ತಿಲಿನಿಂದಲೇ ಆರಂಭವಾಗುತ್ತದೆ. ಬಾವಿಕಟ್ಟೆಯ ಬಳಿಯ ತಂಪು ನೆಲದಲ್ಲಿ ಹಬ್ಬಿದ ಒಂದೆಲಗವನ್ನು ಕಿತ್ತು ತಂದು, ತೆಂಗಿನತುರಿ, ಜೀರಿಗೆ, ಕಾಳುಮೆಣಸಿನೊಡನೆ ಅರೆದು, ಮಜ್ಜಿಗೆ ಬೆರೆಸಿದರೆ ತಂಬುಳಿ ಸಿದ್ಧ. ಮಳೆಗಾಲದಲ್ಲಿ ಕೆಸುವಿನೆಲೆಯ ಪತ್ರೊಡೆ. ಬಾಯಿ ತುರಿಸದಿರಲು ಅದಕ್ಕೆ ಹುಣಸೆಹುಳಿ. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಉಣ್ಣುವಾಗ, ಯಾವ ಸೊಪ್ಪು ಎಲ್ಲಿ ಬೆಳೆಯುತ್ತದೆಂಬ ಅರಿವು ಅಜ್ಜಿಯಿಂದ ಮೊಮ್ಮಗಳಿಗೆ ಮಾತುಮಾತಿನಲ್ಲೇ ದಾಟುತ್ತದೆ.

ಈಗ ತೋಟ, ಹಿತ್ತಿಲುಗಳಿಗೂ ಕಳೆನಾಶಕ ಬಂದಿದೆ. ಆ ವಿಷಕ್ಕೆ ಕಳೆಯೂ ಒಂದೇ, ಒಂದೆಲಗವೂ ಒಂದೇ. ಆಳು ಸಿಗದ ಕಷ್ಟ ನಿಜ. ಆದರೆ ಕತ್ತಿಯಿಂದ ಸವರಿದ ಸೊಪ್ಪು ಮತ್ತೆ ಚಿಗುರುತ್ತದೆ. ಹೆಸರೇ ಮರೆತುಹೋದ ಸೊಪ್ಪನ್ನು ಉಳಿಸುವವರು ಯಾರು? ಇಂದು ಸಂಜೆ ಸೊಪ್ಪು ತರಲು ಮಕ್ಕಳನ್ನೇ ಕಳುಹಿಸೋಣ.